ಚಮಚಕ್ಕೆ ಹಾಕಿದ ಹೆಸರು

೧೯೮೮ರಲ್ಲಿ ಏಳನೇ ಕ್ಲಾಸಿಗೆ ನನ್ನ ಓದು ಮುಗಿಯಿತು. ಬರೆಯುವುದು ಮಾತ್ರ ಇವತ್ತಿನವರೆಗೂ ನಿಂತಿಲ್ಲ. ಕೊಳ್ಳೇಗಾಲದಲ್ಲಿ ನನ್ನದು ಪಾತ್ರೆ ಅಂಗಡಿ. ಕೊಂಡ ಪಾತ್ರೆಗೆ ಮಷೀನಿನಲ್ಲಿ ಹೆಸರು ಹಾಕಿಕೊಡುವುದು ಪುಕ್ಕಟೆ. ಸುತ್ತಲ ಊರುಗಳ ಮದುವೆಗಳಲ್ಲಿ ಯಾರ ಕೊಳಗ ಯಾರ ಮನೆಗೆ ಹೋಗಬೇಕೆಂದು ಜಗಳವಾಗದಿರಲು ನನ್ನ ಅಕ್ಷರವೇ ಕಾರಣ. ಇದನ್ನು ಹೊಗಳಿಕೊಳ್ಳಲು ಹೇಳುತ್ತಿಲ್ಲ. ಹೊಗಳಿಕೊಳ್ಳುವುದಾದರೆ ಇನ್ನೂ ಬಹಳ ಇದೆ.

ಹೋದ ವರ್ಷ ವಿದೇಶದ ಹೆಂಗಸೊಬ್ಬರು ಅಂಗಡಿಗೆ ಬಂದರು. ಎಪ್ಪತ್ತರ ಆಸುಪಾಸು. ಹನೂರಿನ ಕಡೆ ಟಿಬೆಟಿನವರ ಕ್ಯಾಂಪು ನೋಡಿಕೊಂಡು ಯಳಂದೂರಿಗೆ ಹೊರಟಿದ್ದರು. ಜೊತೆಗೆ ಬಾಡಿಗೆ ಕಾರಿನ ಡ್ರೈವರು, ಅಜ್ಜೀಪುರದವನು, ನನ್ನ ಹಳೆಯ ಗಿರಾಕಿ. ಆಕೆ ಬುತ್ತಿಗೆಂದು ಉದ್ದನೆಯ ಡಬ್ಬಿ ಆರಿಸಿದರು. ಕೈಚೀಲದಿಂದ ಹಳೆಯ ಬೆಳ್ಳಿ ಚಮಚ ತೆಗೆದು, ಹಿಡಿಸುತ್ತದೋ ಎಂದು ಡಬ್ಬಿಯೊಳಗೆ ಇಟ್ಟು ನೋಡಿ, ಎರಡನ್ನೂ ನನ್ನ ಮುಂದೆ ಬಿಟ್ಟು ಹಿತ್ತಾಳೆ ದೀಪಗಳ ಕಡೆ ಹೋದರು.

"ಎಸ್ರು ಏನಂತ ಕೇಳ್ಲಾ," ಎಂದೆ.

ಡ್ರೈವರ್ ಇಂಗ್ಲಿಷಿನಲ್ಲಿ ಏನೋ ಕೂಗಿದ. ಆಕೆ ತಿರುಗದೆ ಕೈ ಆಡಿಸಿ ಒಂದೇ ಮಾತು ಹೇಳಿದರು.

"ನಾ ಸಿಂಗ್ ಅಂತೆ ಕಣಣ್ಣೋ."

"ಸಿಂಗಾ? ಈಯಮ್ಮ ಸಿಂಗ್ ಎಂಗಾದ್ರುಲಾ?"

"ಯಾರೋ ಸರ್ದಾರ್ಜಿನ ಮದ್ವೆ ಆಗಿರ್ಬೌದು. ನಿನ್ಗ್ಯಾಕೆ? ಆಕಣ್ಣೋ, ಒತ್ತಾಯ್ತದೆ."

ಡಬ್ಬಿಯ ಮುಚ್ಚಳಕ್ಕೆ 'ನಾ. ಸಿಂಗ್' ಎಂದು ಹಾಕಿದೆ. 'ನಾ' ಇನಿಷಿಯಲ್ಲು ಎಂದು ಚುಕ್ಕಿಯನ್ನೂ ಇಟ್ಟೆ. ಡಬ್ಬಿಗೆ ಹಾಕಿ ಚಮಚವನ್ನು ಬಿಟ್ಟರೆ ನಮ್ಮಲ್ಲಿ ಅದು ಅರ್ಧ ಕೆಲಸ. ಮೊದಲು ಕಳೆದುಹೋಗುವುದೇ ಚಮಚ. ಅದರ ಹಿಡಿಯ ಮೇಲೂ ಹಾಕಿದೆ, ಸಣ್ಣಗೆ, ಅಂದವಾಗಿ.

ಆಕೆ ಬಂದು ಚಮಚ ಎತ್ತಿಕೊಂಡವರು ಹಾಗೇ ಸ್ಟೂಲಿನ ಮೇಲೆ ಕುಸಿದರು. ಆಮೇಲೆ ಮೆಲ್ಲಗೆ ಮಾತಾಡಿದರು. ಕೇಳುತ್ತಾ ಕೇಳುತ್ತಾ ಡ್ರೈವರನ ಮುಖ ಸಣ್ಣದಾಯಿತು.

"ಎಡವಟ್ಟಾಯ್ತು ಕಣಣ್ಣೋ. ಇದು ಅವ್ರವ್ವಂದಂತೆ. ಯಹೂದಿಗಳಂತೆ. ಯುದ್ಧದಾಗೆ ಇವ್ರ ಜನನ ಉಡ್ಕಿ ಉಡ್ಕಿ ಕೊಲ್ತಿದ್ರಂತೆ. ಮನೆಮಂದಿ ಒಬ್ರೂ ಉಳೀನಿಲ್ವಂತೆ. ಅವ್ವ ಆಗ ಸಣ್ಣೆಣ್ಣು, ಒಬ್ಳೇ ದೇಶ ಬುಟ್ಟು ಓಡ್ಬಂದ್ಲಂತೆ. ಆ ಮನೇದು ಅಂತ ಉಳ್ದಿರೋದು ಇದೊಂದೆಯಂತೆ."

"ಉಜ್ಜಿ ಅಳಿಸ್ಕೊಡ್ತೀನಿ ಅನ್ನು," ಎಂದೆ. ಆದರೆ ಹಿಡಿ ಸವೆದು ತೆಳ್ಳಗಾಗಿತ್ತು, ಉಜ್ಜಿದರೆ ಮುರಿಯುವಂತಿತ್ತು. ಅದನ್ನೂ ಹೇಳಿಸಬೇಕಾಯಿತು.

ಆಕೆ ಅಕ್ಷರಗಳ ಮೇಲೆ ಬೆರಳಾಡಿಸಿ, ಏನು ಬರೆದಿದೆ ಎಂದು ಕೇಳಿದರು.

"ಯುವರ್ ನೇಮ್ ಮೇಡಂ. ನಾ ಸಿಂಗ್."

ಆಕೆ ಅವನ ಮುಖ ನೋಡಿದರು, ನನ್ನ ಮುಖ ನೋಡಿದರು. "ನಾಸಿಂಗ್?" ಎಂದರು. ಆಮೇಲೆ ಶುರುವಾಯಿತು ನೋಡಿ ನಗು, ಪಕ್ಕದ ರೇಷ್ಮೆ ಅಂಗಡಿಯವರು ಎದ್ದು ಬಂದು ಇಣುಕುವಷ್ಟು.

ಹೆಸರು ಏನೂ ಬೇಡ ಎನ್ನಲು ಆಕೆ 'ನಥಿಂಗ್' ಎಂದಿದ್ದರು. ಅವರ ನಾಲಿಗೆಯಲ್ಲಿ ಅದು 'ನಾಸಿಂಗ್'. ಓಡಿಬರುವಾಗ ದಾರಿಯುದ್ದಕ್ಕೂ ಪೊಲೀಸರು "ಏನಿಟ್ಟುಕೊಂಡಿದ್ದೀಯೆ?" ಎಂದು ತಡೆದರೆ, ಅವರ ತಾಯಿ ಚಮಚವನ್ನು ಕಾಲುಚೀಲದಲ್ಲಿ ತುರುಕಿಕೊಂಡು "ಏನೂ ಇಲ್ಲ" ಎನ್ನುತ್ತಿದ್ದರಂತೆ. ಆಮೇಲೆ ಮನೆಯಲ್ಲಿ ಚಮಚಕ್ಕೆ ಅದೇ ಹೆಸರು ನಿಂತುಹೋಯಿತಂತೆ. "'ಏನೂ ಇಲ್ಲ' ಎಲ್ಲಿದೆ? ತೊಳೆದಿಡು" ಎನ್ನುತ್ತಿದ್ದರಂತೆ.

"ನೋಡ್ಲಾ," ಎಂದೆ ಡ್ರೈವರಿಗೆ, "ನಾ ಆಕಿರೋದು ಚಮಚದ ಎಸ್ರೇಯ. ನನ್ ಕೈಲಿ ತಪ್ಪಾಗಾಕಿಲ್ಲ."

"ಚುಕ್ಕಿ ಒಂದು ಜಾಸ್ತಿ ಆಯ್ತಣ್ಣೋ."

ಅಳಿಸುವುದು ಬೇಡವೇ ಬೇಡ ಎಂದು ಆಕೆ ಚಮಚವನ್ನು ಡಬ್ಬಿಗೆ ಹಾಕಿಕೊಂಡು ಯಳಂದೂರಿಗೆ ಹೊರಟರು. ಕಾರು ತಿರುಗುವವರೆಗೂ ನಗು ಕೇಳುತ್ತಿತ್ತು.

ಮನೆಯಲ್ಲಿ ಹೇಳಿದರೆ ಹೆಂಡತಿ, "ಎಂಟ್ನೇ ಕ್ಲಾಸು ಓದಿದ್ರೆ ಆ ಎಸ್ರು ಕೆಟ್ಟೋಗ್ತಿತ್ತು ಬುಡಿ," ಎಂದಳು. ನಾನು ನಮ್ಮವ್ವನ ಹಿತ್ತಾಳೆ ಸೌಟು ಹುಡುಕಿ ತೆಗೆದೆ. ಮಷೀನು ತಂದ ಹೊಸದರಲ್ಲಿ ಅದರ ಮೇಲೂ ನನ್ನ ಹೆಸರನ್ನೇ ದಪ್ಪಕ್ಷರದಲ್ಲಿ ಹಾಕಿಬಿಟ್ಟಿದ್ದೆ. ಕೆಳಗೆ ಉಳಿದ ಜಾಗದಲ್ಲಿ ಅವ್ವನ ಹೆಸರು ಹಾಕಿದೆ. ಈ ಸಲ ಚುಕ್ಕಿ ಇಡಲಿಲ್ಲ.

ಈಗ ನನಗಿರುವುದು ಒಂದು ಅಂಗಡಿ, ಎರಡು ಮಷೀನು, ಒಬ್ಬಳು ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಎರಡು ಹೆಸರಿನ ಸೌಟು ಒಂದು.