ಬೀಗ ಹಾಕಿದ ಮಣ್ಣಿನ ಮನೆ

ತಿಮ್ಮಯ್ಯ ತೀರಿಕೊಂಡದ್ದು ಧನಿಷ್ಠಾ ನಕ್ಷತ್ರದಲ್ಲಿ. ಹೆಣ ಹೊರಗೆ ತರುವ ಮೊದಲೇ ಯಾರೋ ಆ ಮಾತು ಎತ್ತಿದ್ದರು. ತಿಥಿಯ ಹೊತ್ತಿಗೆ ತೀರ್ಮಾನವಾಗಿತ್ತು. ಆರು ತಿಂಗಳು ಮನೆ ಬಿಡಬೇಕು. ಬಾಗಿಲಿಗೆ ಬೀಗ, ಅದಕ್ಕೆ ಅಡ್ಡಲಾಗಿ ಮುಳ್ಳು. ಒಳಗೆ ಕಾಲಿಟ್ಟರೆ, ಬೆಂಕಿ ಹಚ್ಚಿದರೆ, ಅದೇ ಮನೆಯಲ್ಲಿ ಇನ್ನೊಂದು ಸಾವು.

ಅರಳಗುಪ್ಪೆಯ ಪುಟ್ಟಗೌರಮ್ಮ, ತಿಮ್ಮಯ್ಯನವರ ಹೆಂಡತಿ, ಆ ಬೀಗವನ್ನು ತಾವೇ ಹಾಕಿದರು.

ಮದುವೆಯಾಗಿ ಬಂದ ಬೇಸಿಗೆಯಲ್ಲೇ ಗಂಡ ಹೆಂಡತಿ ಕೆಮ್ಮಣ್ಣಿಗೆ ಕತ್ತರಿಸಿದ ರಾಗಿ ಹುಲ್ಲು ಬೆರೆಸಿ ತುಳಿದು ಎಬ್ಬಿಸಿದ ಮನೆ ಅದು. ಒಂದು ಸುತ್ತು ಗೋಡೆ ಏರಿಸಿ, ಒಣಗಲು ಬಿಟ್ಟು, ಅದರ ಮೇಲೆ ಇನ್ನೊಂದು ಸುತ್ತು. ಬಲಿತ ತೆಂಗಿನ ಮರದ ತೊಲೆ, ಹೆಂಚು, ಅಡುಗೆಮನೆಯ ಮೇಲೆ ಅಟ್ಟ. ಅಟ್ಟದ ತೆಂಗಿನಕಾಯಿ ವರ್ಷವಿಡೀ ಒಲೆಯ ಹೊಗೆ ಕುಡಿದು ಚಿಪ್ಪಿನೊಳಗೇ ಕೊಬ್ಬರಿಯಾಗುತ್ತಿತ್ತು. ಅದೇ ಹೊಗೆ ತೊಲೆಗೆ ಗೆದ್ದಲು ಹತ್ತದಂತೆ ಕಾಯುತ್ತಿತ್ತು.

ತಿಮ್ಮಯ್ಯ ಇದ್ದಾಗಲೇ ಮಗ ದಯಾನಂದ್‌ಗೆ ಮನೆ ಇಕ್ಕಟ್ಟಾಗಿತ್ತು. ಕೆಡವಿ ಆರ್‌ಸಿಸಿ ಹಾಕುವ ಮಾತು ಬಂದಾಗ ಅಡ್ಡ ನಿಂತವಳು ಅವನ ಮಗಳು ಕೃತಿಕಾ. ತುಮಕೂರಿನಲ್ಲಿ ಮನೆಗಳ ನಕ್ಷೆ ಬರೆಯುವ ಕೆಲಸ ಅವಳದು. ಹಳೆಯ ಗೋಡೆ, ತೊಲೆ, ಹೆಂಚು ಉಳಿಸಿಕೊಂಡು ಪಕ್ಕದಲ್ಲಿ ಎರಡು ಕೋಣೆ ಸೇರಿಸುವ ನಕ್ಷೆ ತಂದಿದ್ದಳು.

"ಸಿಮೆಂಟ್ ಮಾಡಕ್ಕೆ, ಕಬ್ಬಿಣ ಕರಗ್ಸಕ್ಕೆ ಎಷ್ಟ್ ಕಲ್ಲಿದ್ದಲು ಸುಡ್ತಾರೆ ಗೊತ್ತಾ ಅಜ್ಜಿ? ಆ ಹೊಗೆಯಿಂದ್ಲೇ ಈ ಪಾಟಿ ಬಿಸಿಲು. ನಮ್ ಗೋಡೆಗೆ ಒಂದ್ ಸೌದೆನೂ ಸುಟ್ಟಿಲ್ಲ."

"ಸುಟ್ಟಿಲ್ಲ ಅಂದ್ಯಾ? ಅದನ್ನ ಕಟ್ಟಾ ಹೊತ್ತಿಗೆ ನಿಮ್ಮಜ್ಜ ಎಷ್ಟ್ ಬೀಡಿ ಸುಟ್ಟವ್ರೆ ಕೇಳು," ಎಂದು ಪುಟ್ಟಗೌರಮ್ಮ ನಕ್ಕಿದ್ದರು.

ತಿಮ್ಮಯ್ಯ ಗೋಡೆಗೆ ಅಂಗೈ ಬಡಿದು ಮಗನಿಗೆ ಹೇಳಿದ್ದರು: "ಇದನ್ನ ಕೆಡವಕ್ಕೆ ಜೆಸಿಬಿನೂ ಬೆವರ್ಬೇಕು ಕಣ್ಲಾ."

ದಯಾನಂದ್ ಒಪ್ಪಿದ. ಕೆಲಸ ಶುರುವಾಗುವ ಮೊದಲೇ ಅಪ್ಪ ಹೋದರು.

ತೋಟದ ಪಂಪ್‌ಸೆಟ್ ಮನೆಯ ಮುಂದೆ ಶೀಟಿನ ಮಾಡು ಇಳಿಸಿಕೊಂಡು ಎಲ್ಲರೂ ಅಲ್ಲೇ ಇದ್ದರು. ಪುಟ್ಟಗೌರಮ್ಮನಿಗೆ ಒಂದೇ ಸಮಾಧಾನ. ಗಂಡ ಎಬ್ಬಿಸಿದ ಗೋಡೆ ಇದೆ, ಹೊಸ ಮನೆಯಲ್ಲೂ ಅದಕ್ಕೇ ಒರಗಿ ಕೂರಬಹುದು.

ಮಳೆ ಹಿಡಿದ ಮೇಲೆ ಸೊಸೆ ನಿರ್ಮಲಾ ಊರೊಳಗಿಂದ ಬಂದು ಹೇಳಿದಳು: "ಅತ್ತೆ, ಕೋತಿ ಕುಣಿದು ಹಿಂದ್ಗಡೆ ಹೆಂಚು ಸರಿದವೆ. ಹಗಲೊತ್ತು ಹೋಗಿ ಅದನ್ನ ಸರಿ ಮಾಡ್ಸಿ, ಒಂದ್ ಒಲೆ ಹಚ್ಚಿ ಬತ್ತೀನಿ. ಹೊಗೆ ಆಡ್ದೆ ಆ ಮನೆ ಉಳಿಯಲ್ಲ."

"ಬ್ಯಾಡ ಕಣೇ. ಗೋಡೆ ಹೋದ್ರೆ ಇನ್ನೊಂದ್ ಕಟ್ಬೋದು. ನಿನ್ ಗಂಡ ಹೋದ್ರೆ ಯಾರ್ ತಂದ್ಕೊಡ್ತಾರೆ?"

ನಿರ್ಮಲಾ ಮತ್ತೆ ಕೇಳಲಿಲ್ಲ. ಅವಳಿಗೂ ಭಯವಿತ್ತು.

ಅವಧಿ ಮುಗಿದು, ಶಾಂತಿ ಮಾಡಿಸಿ ಬಾಗಿಲು ತೆರೆದಾಗ ಒಳಗೆ ಬೆಳಕಿತ್ತು. ಹಿಂದಿನ ಗೋಡೆ ಕುಸಿದು ಬಿದ್ದಿತ್ತು. ಉಳಿದವು ಸೊಂಟದೆತ್ತರಕ್ಕೆ ನೀರು ಹೀರಿ ಬಿರುಕು ಬಿಟ್ಟಿದ್ದವು. ತೊಲೆ ತಟ್ಟಿದರೆ ಗೆದ್ದಲು ತಿಂದ ಪುಡಿ ಉದುರಿತು. ಅಟ್ಟದಲ್ಲಿ ತಿಮ್ಮಯ್ಯ ಕೊನೆಯದಾಗಿ ಏರಿಸಿದ್ದ ಕಾಯಿಗಳಿದ್ದವು. ಪುಟ್ಟಗೌರಮ್ಮ ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಣಗಿದ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎನ್ನಬೇಕು. ಸದ್ದಿರಲಿಲ್ಲ. ಇನ್ನೊಂದರಲ್ಲೂ ಇರಲಿಲ್ಲ. ಹೊಗೆ ಕಾಣದೆ ಒಳಗೇ ಕೊಳೆತಿದ್ದವು.

"ಇದೇ ಮಣ್ಣು ತುಳಿದು ಮತ್ತೆ ಗೋಡೆ ಎಬ್ಬಿಸ್ಬೋದು ಅಪ್ಪ," ಎಂದಳು ಕೃತಿಕಾ.

"ಆರ್ ತಿಂಗ್ಳು ನಾವಿಲ್ದಿದ್ರೆ ಬೀಳಾ ಮನೆ ಬ್ಯಾಡ ಬುಡು ಮಗ. ನಾಳೆ ಇನ್ನೊಬ್ರು ಹಿಂಗೇ ಹೋದ್ರೆ?"

ಹಾಗೆಂದು ದಯಾನಂದ್ ಅವ್ವನ ಮುಖ ನೋಡಿದ. ಅವರು ಒಂದು ಮಾತು ಆಡಿದ್ದರೆ ಮನಸ್ಸು ಬದಲಿಸುತ್ತಿದ್ದನೇನೋ. ಆದರೆ ಅವ್ವನಿಗೆ ಅನ್ನಿಸಿತು: ಬೀಗ ಹಾಕಿದ್ದು ತಾವು, ಒಲೆ ಬೇಡ ಎಂದದ್ದೂ ತಾವು. ಇನ್ನು ಯಾವ ಬಾಯಲ್ಲಿ ಕೇಳುವುದು? ಪುಟ್ಟಗೌರಮ್ಮ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟರು.

ಸಿಮೆಂಟ್ ಬ್ಲಾಕಿನ ಲಾರಿ ಬಂತು. ಗೋಡೆ ಮಣ್ಣು ಮರಕ್ಕೆ ಒಳ್ಳೆಯದೆಂದು ಟ್ರ್ಯಾಕ್ಟರಿನಲ್ಲಿ ತೆಂಗಿನ ಬುಡಗಳಿಗೆ ಹೋಯಿತು. ಅಲ್ಲಿ ಕೂತು ಹೆಂಟೆ ಒಡೆಯುವ ಕೆಲಸವನ್ನು ಪುಟ್ಟಗೌರಮ್ಮ ಯಾರಿಗೂ ಬಿಡಲಿಲ್ಲ. ದಪ್ಪ ಹೆಂಟೆಯೊಂದು ಸೀಳಿದಾಗ ಒಳಗೆ ರಾಗಿ ಹುಲ್ಲು ಹಳದಿ ಬಣ್ಣ ಕೂಡ ಮಾಸದೆ, ಬೆರಳುದ್ದಕ್ಕೆ ಕತ್ತರಿಸಿದ ಹಾಗೇ ಇತ್ತು.

"ಅವ್ರ್ ಕತ್ತರಿಸಿದ್ದು ಕಣೇ," ಎಂದರು ಪಕ್ಕದಲ್ಲಿದ್ದ ಸೊಸೆಗೆ. "ನಾನ್ ಉದ್ದ ಕತ್ತರಿಸ್ತೀನಿ ಅಂತ ಬೈತಿದ್ರು."

ನಿರ್ಮಲಾ ಇನ್ನೊಂದು ಹೆಂಟೆಯನ್ನು ಎತ್ತಿ ಅವರ ಮುಂದಿಟ್ಟಳು.