ಅಕ್ಕಿಯಲ್ಲಿ ಕಲ್ಲು ಆರಿಸುವ ಹೆಂಗಸು

ಮಕ್ಕಳೇ, ಹಳೆಯ ಸಿನಿಮಾಗಳಲ್ಲಿ ಕೆಲವನ್ನು ಕಂಡರೆ ನಗು ಬರುತ್ತದೆ, ಕೆಲವು ಇವತ್ತಿನವೇ ಅನ್ನಿಸುತ್ತವೆ, ಯಾಕೆ ಅಂತ ಕೇಳಿದ್ದಿರಿ. ಬಾಯಲ್ಲಿ ಹೇಳಲು ನನಗೆ ಬರಲಿಲ್ಲ. ಬರೆಯುತ್ತೇನೆ.

ಅಬುಧಾಬಿಯಲ್ಲಿದ್ದಾಗ ನಿಮ್ಮ ಅಜ್ಜ ಪ್ರತಿ ಗುರುವಾರ ಎಲೆಕ್ಟ್ರಾ ಸ್ಟ್ರೀಟಿನ ಅಂಗಡಿಯಿಂದ ಕನ್ನಡ ಕ್ಯಾಸೆಟ್ ಬಾಡಿಗೆಗೆ ತರುತ್ತಿದ್ದರು. ಅವರಿಗೆ ಅಳುವ ಸಿನಿಮಾ ಇಷ್ಟ. ಗಂಡ ಸತ್ತ ಸುದ್ದಿ ಬಂದರೆ ಗುಡುಗಬೇಕು, ದೀಪ ಆರಬೇಕು, ಹೆಂಡತಿ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು. ನನ್ನ ಸೆರಗಿನಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದರು.

ಅಂಥದೇ ಒಂದು ಗುರುವಾರ ಅವರ ಬದಲು ಆಫೀಸಿನ ಇಬ್ಬರು ಬಂದರು. ಎದೆನೋವು, ಆಸ್ಪತ್ರೆ ತಲುಪುವ ಮೊದಲೇ ಮುಗಿದಿತ್ತು ಎಂದರು. ನಾನು ದೋಸೆಗೆ ರುಬ್ಬುತ್ತಿದ್ದೆ. ಅವರಿಗೆ ಕೂರಲು ಹೇಳಿ ಒಳಗೆ ಹೋದೆ. ಉದ್ದು ನುಣ್ಣಗಾಗಿದೆಯೇ ಎಂದು ಬೆರಳಲ್ಲಿ ನೋಡಿದೆ. ಹಿಟ್ಟು ತೆಗೆದು, ಉಪ್ಪು ಹಾಕಿ ಮುಚ್ಚಿಟ್ಟೆ.

ಬೆಳಿಗ್ಗೆ ಮನೆ ತುಂಬ ಜನ. ವೀಸಾ ರದ್ದಾಗಬೇಕು, ಕಾಗದಪತ್ರ ಆಗಬೇಕು, ಆಮೇಲೆ ದೇಹವನ್ನು ಊರಿಗೆ ಕಳಿಸುವುದು ಎಂದು ಮಾತಾಡುತ್ತಿದ್ದರು. ಹಿಟ್ಟು ಉಬ್ಬಿ ಮುಚ್ಚಳ ಎತ್ತಿತ್ತು. ನಾನು ಒಲೆ ಹಚ್ಚಿ ಎಲ್ಲರಿಗೂ ದೋಸೆ ಹೊಯ್ದೆ. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದು ಎಂದು ನೆನಪಾದದ್ದು ಯಾರೂ ತಟ್ಟೆ ಮುಟ್ಟದಾಗ. ಹದಿನಾಲ್ಕು ವರ್ಷದ ನಿಮ್ಮ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

ಆಮೇಲೆ ಅವಳು ನನ್ನ ಹತ್ತಿರ ಅಪ್ಪನ ಮಾತು ಎತ್ತಲಿಲ್ಲ. ಅವಳಿಗೆ ಮದುವೆಯಾಗಿ ನೀವು ಹುಟ್ಟಿದ ಮೇಲೆ ಒಮ್ಮೆ ಫೋನಿನಲ್ಲಿ ಕೇಳಿದಳು, "ನಿಂಗೆ ಅವತ್ತು ಎಂತ ಸಹ ಆಗ್ಲಿಲ್ಲ ಅಲ್ವಾ ಅಮ್ಮ?"

ಏನಾಯಿತೆಂದು ನನಗೇ ಗೊತ್ತಿರಲಿಲ್ಲ. ಫೋನ್ ಇಟ್ಟೆ.

ಹೋದ ಸಲ ಅಲ್ ಬರ್ಷಾದ ನಿಮ್ಮ ಮನೆಗೆ ಬಂದಾಗ ಅಜ್ಜ ತರುತ್ತಿದ್ದ ಎರಡು ಸಿನಿಮಾಗಳನ್ನು ಅಮ್ಮ ಡಿವಿಡಿಯಲ್ಲಿ ಹಾಕಿದಳು. ಮೊದಲನೆಯದು ಅವರ ಮೆಚ್ಚಿನದು. ಗುಡುಗಿದ ಕೂಡಲೇ ನೀವು ಸೋಫಾದಲ್ಲಿ ಬಿದ್ದು ನಕ್ಕಿರಿ. "ಅಜ್ಜೀ, ಟೂ ಮಚ್. ಯಾರಾದ್ರೂ ಹೀಗೆ ಅಳ್ತಾರಾ?" ನನಗೂ ಅಳು ಬರಲಿಲ್ಲ.

ಎರಡನೆಯದು ಅಜ್ಜ ಅರ್ಧಕ್ಕೇ ಗೊರಕೆ ಹೊಡೆದಿದ್ದ ಸಿನಿಮಾ. ಅದರಲ್ಲಿ ಸುದ್ದಿ ಬಂದಾಗ ಹೆಂಗಸು ಮೊರ ಹಿಡಿದು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಾಳೆ. ಕೇಳಿಸಿಕೊಂಡು, ಇನ್ನೊಂದು ಕಲ್ಲು ತೆಗೆಯುತ್ತಾಳೆ. ಮತ್ತೊಂದು. ಹಿನ್ನೆಲೆಯಲ್ಲಿ ಸಂಗೀತವೂ ಇಲ್ಲ. ನೀವು ಯಾರೂ ನಗಲಿಲ್ಲ. ಕೊನೆಯವನು ಮಾತ್ರ, "ಅವಳಿಗೆ ಕೇಳ್ಲಿಲ್ವಾ?" ಎಂದ.

ನಮ್ಮ ಹಿಂದೆ ಬಟ್ಟೆ ಮಡಚುತ್ತಿದ್ದ ನಿಮ್ಮ ಅಮ್ಮ ಹೇಳಿದಳು, "ಕೇಳಿತು ಪುಟ್ಟಾ. ಕೈ ನಿಲ್ಲಲಿಲ್ಲ, ಅಷ್ಟೇ." ನನ್ನ ಕಡೆ ನೋಡಲಿಲ್ಲ.

ನನಗೆ ತಿಳಿದದ್ದು ಇಷ್ಟು. ಅಳುವ ರೀತಿ ಸೀರೆ ಉಡುವ ರೀತಿಯ ಹಾಗೆ ಬದಲಾಗುತ್ತದೆ. ಅದನ್ನೇ ನಂಬಿದ ಸಿನಿಮಾ ಹಳತಾಗುತ್ತದೆ. ಕೈ ಏನು ಮಾಡುತ್ತದೆ ಎಂದು ನೋಡಿದ ಸಿನಿಮಾ ಹಳತಾಗುವುದಿಲ್ಲ.

ಆ ಸಿನಿಮಾ ನೋಡಿದ ಮರುದಿನ ನಿಮ್ಮ ಅಮ್ಮನೇ ಒಲೆ ಹಚ್ಚಿ, ಕಾವಲಿ ಇಟ್ಟು, ಸೌಟನ್ನು ನನ್ನ ಕೈಗೆ ಕೊಟ್ಟಳು. ನಾನು ಹೊಯ್ದ ದೋಸೆಯನ್ನು ಪಕ್ಕದಲ್ಲೇ ನಿಂತು ತಿಂದಳು.

"ಅಪ್ಪ ಎಷ್ಟು ತಿಂತಿದ್ರು?"

"ಆರು," ಎಂದೆ. ಇನ್ನೊಂದು ಹೊಯ್ದೆ.