ಅಳಿಯ ಉಣ್ಣದೆ ಬಿಟ್ಟ ಕೋಳಿ

ಮದುವೆಯಾದ ಹೊಸದರಲ್ಲಿ ಗಂಡನನ್ನು ಕರೆದುಕೊಂಡು ಮೊದಲ ಸಲ ತವರಿಗೆ ಹೋದ ದಿನವೇ ನಮ್ಮಪ್ಪನಿಗೂ ಇವರಿಗೂ ನಡುವೆ ಮಾತಿಲ್ಲದ ಒಂದು ಮುನಿಸು ಹುಟ್ಟಿತು. ಅದಕ್ಕೆ ಕಾರಣ ಎರಡು ಬಾಯ್ಲರ್ ಕೋಳಿ.

ನನ್ನ ತವರು ಸೊರಬ ತಾಲ್ಲೂಕಿನಲ್ಲಿ, ಕುಬಟೂರಿನ ಕಡೆಗಿರುವ ಸಣ್ಣ ಊರು. ಭತ್ತ, ಗೋವಿನಜೋಳ ಬೆಳೆಯುವ ಮನೆ. ನಮ್ಮಲ್ಲಿ ಮಾಂಸ ಅಂದರೆ ಭಾನುವಾರ ಪೇಟೆಯಿಂದ ಬರುವ ಕರಿ ಪ್ಲಾಸ್ಟಿಕ್ ಚೀಲ. ಅದರೊಳಗೆ ಇರುವುದು ಒಂದು ಕಾಲದಲ್ಲಿ ಓಡಾಡಿಕೊಂಡಿತ್ತು ಎಂದು ಯಾರೂ ಯೋಚಿಸಿದವರಲ್ಲ. ಅಳಿಯ ಮೊದಲ ಸಲ ಬರುತ್ತಾನೆಂದು ಅಪ್ಪ ಆ ದಿನ ಕೊಯ್ದ ಕೋಳಿ ಬೇಡವೆಂದು ಜೀವಂತವಾದದ್ದನ್ನೇ ತರಲು ಹೋಗಿದ್ದ.

ನಾವು ಬಸ್ಸಿಳಿದು ನಡೆದು ಬರುವಾಗ ಅಪ್ಪ ಹಿಂದಿನಿಂದ ಬಂದು ಬೈಕು ನಿಲ್ಲಿಸಿದ. ಮುಖದ ತುಂಬ ನಗು. ಹ್ಯಾಂಡಲ್‌ಗೆ ಎರಡು ಬಿಳಿ ಕೋಳಿಗಳನ್ನು ಕಾಲು ಕಟ್ಟಿ ತಲೆಕೆಳಗಾಗಿ ನೇತುಹಾಕಿದ್ದ. ದಾರಿಯ ಗುಂಡಿಗಳಲ್ಲಿ ತಲೆ ಮಡ್‌ಗಾರ್ಡಿಗೆ ಬಡಿದೂ ಬಡಿದೂ ಒಂದರ ಕೊಕ್ಕಿನಿಂದ ರಕ್ತ ಬಂದಿತ್ತು. ಇಂಥದ್ದನ್ನು ಹುಟ್ಟಿದಾಗಿನಿಂದ ಕಂಡವಳು ನಾನು; ನಾನು ನೋಡಿದ್ದು ಅಪ್ಪನ ನಗುವನ್ನು. ಇವರು ಕೋಳಿಗಳನ್ನು ನೋಡಿದರು.

ಮಧ್ಯಾಹ್ನ ಅಮ್ಮ ಅಕ್ಕಿರೊಟ್ಟಿ, ಕೋಳಿಸಾರು ಮಾಡಿ ಎಲೆ ಹಾಕಿದಳು. ಇವರು ರೊಟ್ಟಿಗೆ ಉಪ್ಪಿನಕಾಯಿ ಹಾಕಿಸಿಕೊಂಡರು, ಅನ್ನಕ್ಕೆ ಮಜ್ಜಿಗೆ ಸಾಕೆಂದರು. ಅಮ್ಮ ಏನೋ ವ್ರತವಿರಬೇಕೆಂದು ಸುಮ್ಮನಾದಳು. ಆದರೆ ಕುರಿ ಸಾಕುವ ಮನೆಯ ಹುಡುಗ, ಮಾಂಸ ತಿನ್ನುವವನು ಎಂದು ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಹಿತ್ತಲಲ್ಲಿ ಕೈ ತೊಳೆಯುವಾಗ ನನ್ನನ್ನು ಕೇಳಿದ.

"ಎಂಥ ಆತೇ ನಿನ್ನ ಗಂಡಂಗೆ? ನಮ್ಮನೆ ಊಟ ಸೇರ್ಲಿಲ್ಲನಾ?"

ಗಂಡನ ಮನೆಯಿರುವ ಶಿಕಾರಿಪುರಕ್ಕೆ ವಾಪಸು ಬರುವಾಗ ಬಸ್ಸಿನಲ್ಲಿ ನಾನೇ ಸಿಟ್ಟಿನಿಂದ ಕೇಳಿದೆ. ಹಾಗೆ ನೇತುಹಾಕಿದ್ದನ್ನು ಕಂಡ ಮೇಲೆ ಗಂಟಲಲ್ಲಿ ಇಳಿಯುವುದಿಲ್ಲ, ಮಾವನವರ ಎದುರು ಅದನ್ನು ಹೇಳಿ ಮನಸ್ಸು ನೋಯಿಸಲು ಇಷ್ಟವಿರಲಿಲ್ಲ ಎಂದರು. ಹಾಗಾದರೆ ನಿಮ್ಮ ಮನೆಯ ಕುರಿ ನಗುನಗುತ್ತಾ ಸಾಯುತ್ತದೇನು ಎಂದು ನಾನು ಚುಚ್ಚಿದೆ.

"ಇಲ್ಲ, ನಗಲ್ಲ," ಅಂದರು. "ಆದ್ರೆ ಸಾಯೋ ಗಳಿಗೆವರೆಗೂ ಅದಕ್ಕೆ ಹೆದರಿಕೆ ಇರಬಾರ್ದು. ಅಷ್ಟಾದ್ರೂ ನಮ್ ಕೈಯಾಗೆ ಐತಲ್ಲ."

ನನಗೆ ಅದು ಪುಸ್ತಕದ ಮಾತಿನಂತೆ ಕೇಳಿಸಿತು. ಆಗಿನ್ನೂ ನಾನು ಆ ಮನೆಯ ಕುರಿದೊಡ್ಡಿಯೊಳಗೆ ಸರಿಯಾಗಿ ಕಾಲಿಟ್ಟವಳಲ್ಲ. ಬೆಳಿಗ್ಗೆ ಎದ್ದು ಶಿಕಾರಿಪುರದ ಕಾಲೇಜೊಂದರ ಲೈಬ್ರರಿ ಕೆಲಸಕ್ಕೆ ಹೋದರೆ ಸಂಜೆಗೇ ಬರುತ್ತಿದ್ದೆ. ಹಿಂಡು ನೋಡಿಕೊಳ್ಳುವುದು ಇವರು ಮತ್ತು ನಮ್ಮತ್ತೆ. ತಾಯಿ ಸತ್ತ ಮರಿಗಳಿಗೆ ಅತ್ತೆ ಬಾಟಲಿಯಲ್ಲಿ ಹಾಲು ಕುಡಿಸುವುದು, ಚಳಿಗೆ ಅವನ್ನು ಅಡುಗೆಮನೆಯ ಒಲೆ ಪಕ್ಕ ಗೋಣಿತಾಟಿನ ಮೇಲೆ ಮಲಗಿಸುವುದು ಇದನ್ನೆಲ್ಲ ನೋಡುತ್ತಿದ್ದೆ, ಅಷ್ಟೆ.

ಮುಂದಿನ ದೀಪಾವಳಿಗೆ ಅತ್ತೆ ನನ್ನ ಅಪ್ಪ ಅಮ್ಮನನ್ನು ಕರೆಸಿದರು. ಹಬ್ಬದ ಮಾರನೆಯ ದಿನಕ್ಕೆ ಕರಿ ಎನ್ನುತ್ತಾರೆ. ಅಂದು ಈ ಕಡೆ ಮಾಂಸದಡುಗೆ. ಅಪ್ಪ ಮುನಿಸನ್ನು ಮನೆಯಲ್ಲಿ ಬಿಟ್ಟು ಬಂದಿರಲಿಲ್ಲ. ಅಳಿಯನ ಜೊತೆ ಮಳೆ, ಗೊಬ್ಬರ, ರೇಟು ಇಷ್ಟರಲ್ಲೇ ಮಾತು ಮುಗಿಸುತ್ತಿದ್ದ.

ಹಿಂದಿನ ಸಂಜೆಯೇ ಅತ್ತೆ ಒಂದು ಟಗರನ್ನು ಬೇರೆ ಮಾಡಿ ಮನೆಯ ಹಿಂದಿನ ಹುಣಸೆಮರಕ್ಕೆ ಕಟ್ಟಿ, ಅದಕ್ಕೆ ಇಷ್ಟವಾದ ಹಲಸಿನ ಸೊಪ್ಪು ಹಾಕಿದ್ದರು. ಒಂಟಿಯಾಗಿ ಕಿರುಚಬಾರದೆಂದು ಪಕ್ಕದಲ್ಲಿ ಇನ್ನೊಂದನ್ನು ಜೊತೆಗೆ ಕಟ್ಟಿ, ಬೆಳಿಗ್ಗೆ ಆ ಜೊತೆಯದನ್ನು ಹಿಂಡಿಗೆ ಬಿಟ್ಟು ಬಂದರು. ಹಿಂಡು ಮೇಯಲು ದೂರ ಹೋಗುವವರೆಗೆ ಯಾರೂ ಕತ್ತಿ ಮುಟ್ಟಲಿಲ್ಲ. ರೈತನ ಅಭ್ಯಾಸ, ಅಪ್ಪ ಬೇಗ ಎದ್ದು ಇದನ್ನೆಲ್ಲ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. ಸುಮ್ಮನೆ ಕೂರಲಾರದೆ ಎದ್ದು ಟಗರಿನ ಕೊಂಬಿಗೆ ಕೈ ಹಾಕಿ, ಎಳೆದುಕೊಂಡು ಬರಲೇ ಎಂದ.

"ಎಳೀಬ್ಯಾಡ್ರಿ ಬೀಗರೇ," ಅಂದರು ಅತ್ತೆ. "ಅದು ನನ್ ಹಿಂದೆ ತಾನೇ ನಡ್ಕಂಡು ಬರ್ತತಿ."

ಹಗ್ಗ ಬಿಚ್ಚಿದರು. ಟಗರು ನಿಜವಾಗಿಯೂ ಅವರ ಸೀರೆ ಮೂಸುತ್ತ ಹಿಂದೆಯೇ ನಡೆಯಿತು. ಹಿತ್ತಲಿನ ಕೊಯ್ಯುವ ಕಲ್ಲಿನ ಹತ್ತಿರ ಅದಕ್ಕೆ ನೀರು ಕುಡಿಸಿ, ಕುತ್ತಿಗೆ ಸವರಿ, ಕಣ್ಣಿಗೆ ಟವೆಲು ಮುಚ್ಚಿ, ಅತ್ತೆ ತಿರುಗಿ ನೋಡದೆ ಒಳಗೆ ಹೋದರು. ಇವರು ಗೋಣಿಚೀಲದ ಕೆಳಗಿಟ್ಟಿದ್ದ ಕತ್ತಿ ತೆಗೆದರು. ಹಿಂಗಾಲು ಹಿಡಿದದ್ದು ನಮ್ಮಪ್ಪ. ಎಲ್ಲ ಬೇಗ ಮುಗಿಯಿತು. ಆಮೇಲೆ ಅಪ್ಪ ತಾನೇ ಕೊಡದಲ್ಲಿ ನೀರು ತಂದು ಕಲ್ಲು ತೊಳೆದ.

ಅಂದು ಏನನ್ನೂ ಎಸೆಯಲಿಲ್ಲ. ತಲೆ, ಕಾಲು ಸುಟ್ಟು ಬೇರೆ ಇಟ್ಟರು, ಕರುಳು ಬೋಟಿ ತೊಳೆದು ಪಲ್ಯವಾಯಿತು, ಅಕ್ಕಪಕ್ಕದ ಮನೆಗಳಿಗೆ ಪಾಲು ಹೋಯಿತು. ಊಟಕ್ಕೆ ಎಲ್ಲರೂ ಕೂತಾಗ ಅತ್ತೆ ತಮ್ಮ ಎಲೆಗೆ ಬರೀ ರೊಟ್ಟಿ, ಮೊಸರು ಹಾಕಿಕೊಂಡರು. ಅಪ್ಪ ಅದನ್ನು ಗಮನಿಸಿದ. ಅವನು ಮುಚ್ಚುಮರೆಯ ಮನುಷ್ಯನಲ್ಲ.

"ಒಂದು ಮಾತು ಕೇಳ್ತೆ, ಬೇಜಾರು ಮಾಡ್ಕಬೇಡಿ," ಅಂದ. "ಅದು ನಿಮ್ಮನ್ನ ನಂಬ್ಕಂಡು ಹಿಂದೆ ಬಂತಲ. ಅದು ಮೋಸ ಅಲ್ವಾ?"

ಅತ್ತೆ ರೊಟ್ಟಿ ಮುರಿಯುತ್ತಲೇ ಹೇಳಿದರು.

"ಹೌದ್ರೀ. ನಂಗೂ ಹಂಗೇ ಅನ್ನಿಸ್ತತಿ. ಅದಕ್ಕೇ ನಾ ಇವತ್ತು ಉಣ್ಣಲ್ಲ, ನಾಳೆ ಉಣ್ತೀನಿ. ಆದ್ರೆ ಹೆದರ್ಸಿ ಎಳ್ಕಂಡು ಹೋಗೋದಕ್ಕಿಂತ ಇದು ವಾಸಿ ಅಂತ ಮಾಡ್ತೀವಿ."

ಅಪ್ಪ ಹ್ಞೂಂಗುಟ್ಟಿದ. ಒಪ್ಪಿದನೋ ಇಲ್ಲವೋ ತಿಳಿಯಲಿಲ್ಲ. ಆದರೆ ಮಾಮೂಲಿಯಾಗಿ ಅರ್ಧ ತಿಂದು ಮೂಳೆ ಬಿಸಾಡುವ ಮನುಷ್ಯ, ಅಂದು ಒಂದೊಂದನ್ನೂ ಚೀಪಿ ಚೀಪಿ ಎಲೆಯ ಅಂಚಿಗೆ ಸಾಲಾಗಿ ಇಟ್ಟ.

ಆಮೇಲೆ ಕೆಲವು ತಿಂಗಳು ಆ ವಿಷಯ ಬರಲಿಲ್ಲ. ಒಂದು ದಿನ ಅಪ್ಪ ಫೋನು ಮಾಡಿ ಅಳಿಯನಿಗೆ ಕೊಡು ಎಂದ. ನಾನು ಏನೋ ಆಯಿತೆಂದು ಗಾಬರಿಯಾದೆ. ಕೇಳಿದರೆ, ಮನೆಯಲ್ಲಿ ಎರಡು ನಾಟಿ ಹೇಂಟೆ ಕೋಳಿ ತಂದು ಕಾವಿಗೆ ಕೂರಿಸಿದ್ದಾನೆ, ಮರಿ ಬಂದಿವೆ, ಕೋಳಿಗಳಿಗೆ ಬರುವ ಕೊಕ್ಕರೆ ರೋಗಕ್ಕೆ ಯಾವಾಗ ಲಸಿಕೆಯ ಹನಿ ಹಾಕಿಸಬೇಕು ಎಂದು ವಿಚಾರಿಸುತ್ತಿದ್ದ. ಹಳೆಯ ಹಲಗೆಗಳಿಂದ ಗೂಡು ಮಾಡಿದ್ದನಂತೆ. ಮುಂಗುಸಿ ಬರದಂತೆ ನಾಲ್ಕು ಕಂಬ ನಿಲ್ಲಿಸಿ ಎತ್ತರದಲ್ಲಿ ಇಟ್ಟಿದ್ದನಂತೆ. ಅಂದು ಮಾವ ಅಳಿಯ ಅರ್ಧ ಗಂಟೆ ಕೋಳಿಯ ಬಗ್ಗೆ ಮಾತಾಡಿದರು. ಅದಕ್ಕೆ ಮೊದಲು ಅವರಿಬ್ಬರೂ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮತ್ತೆ ತವರಿಗೆ ಹೋದಾಗ ಅಪ್ಪ ನಮ್ಮನ್ನು ನೇರ ಗೂಡಿನ ಹತ್ತಿರ ಕರೆದುಕೊಂಡು ಹೋದ. ಮುಸ್ಸಂಜೆ ಕೋಳಿಗಳು ಒಳಗೆ ಸೇರಿ ತೂಕಡಿಸುವಾಗ ಒಂದು ಹುಂಜವನ್ನು ಅಟ್ಟಾಡಿಸದೆ, ರೆಕ್ಕೆ ಮುಚ್ಚಿ ಎದೆಗವಚಿ ಹಿತ್ತಲಿಗೆ ಒಯ್ದ. ಊಟಕ್ಕೆ ಕೂತಾಗ ಇವರ ಎಲೆಯ ಕಡೆ ನೋಡದವನಂತೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಇವರು ಎರಡನೇ ಸಲ ಸಾರು ಹಾಕಿಸಿಕೊಂಡರು. ಅಪ್ಪ ಅಮ್ಮನಿಗೆ, ಅವರಿಗೆ ಇನ್ನೊಂದು ರೊಟ್ಟಿ ಹಾಕೇ ಎಂದ.

ಈಗ ನಮ್ಮ ಎರಡೂ ಮನೆಗಳಲ್ಲಿ ಮಾಂಸ ಅಪರೂಪ. ಪೇಟೆಯ ಚೀಲ ಬರುವುದು ನಿಂತೇಹೋಗಿದೆ. ಸಾಕಿದ್ದು ಇದ್ದಾಗ, ನಾಲ್ಕು ಜನ ಸೇರಿದಾಗ ಮಾತ್ರ; ಆವಾಗ ಸಂತೋಷವಾಗಿಯೇ ತಿನ್ನುತ್ತೇವೆ. ನಮ್ಮ ಮಗಳು ಹೋದ ವರ್ಷದಿಂದ ತಾನು ತಿನ್ನುವುದಿಲ್ಲ ಎಂದಿದ್ದಾಳೆ. ಯಾರೂ ಒತ್ತಾಯ ಮಾಡುವುದಿಲ್ಲ. ಅವಳಿಗೆ ಅತ್ತೆ ಹುರುಳಿಕಾಳಿನ ಸಾರು ಮಾಡುತ್ತಾರೆ, ಎಷ್ಟೋ ಸಲ ನಾನೂ ಅದನ್ನೇ ಹಾಕಿಸಿಕೊಳ್ಳುತ್ತೇನೆ.

ರಜೆಗೆ ಅವಳು ಸೊರಬಕ್ಕೆ ಹೋದರೆ ದಿನವಿಡೀ ಗೂಡಿನ ಮುಂದೆ. ಮೊಮ್ಮಗಳು ಕಾಳು ಹಾಕಿದ ಹುಂಜವನ್ನು ಕೊಯ್ಯಲು ಅಪ್ಪನಿಗೆ ಕೈ ಬರುವುದಿಲ್ಲ, ಅವಳೋ ಒಂದನ್ನೂ ಬಿಡದೆ ಎಲ್ಲಕ್ಕೂ ಕಾಳು ಹಾಕಿ ಬಂದಿದ್ದಾಳೆ. ಮೊನ್ನೆ ಅಮ್ಮ ಫೋನಿನಲ್ಲಿ ಗೋಳು ತೋಡಿಕೊಂಡಳು: ಹುಂಜಗಳೇ ಜಾಸ್ತಿಯಾಗಿ ಬೆಳಗಿನ ಜಾವ ಒಂದಕ್ಕಿಂತ ಒಂದು ಜೋರಾಗಿ ಕೂಗುತ್ತವೆ, ಬೀದಿಗೆ ಬೀದಿಯೇ ಎದ್ದು ಕೂರುತ್ತದೆ. ಹಿಂದಿನಿಂದ ಅಪ್ಪನ ದನಿ ಕೇಳುತ್ತಿತ್ತು. ಕೂಗಲಿ ಬಿಡೇ, ಹೊಲಕ್ಕೆ ಹೋಗುವವರಿಗೆ ಅನುಕೂಲವಾಗುತ್ತದೆ ಎನ್ನುತ್ತಿದ್ದ.